ಅಪಹೃತ ಮಕ್ಕಳಿಗಾಗಿ ಹೊರಡುವ ಸಾರ್ವಜನಿಕ ಅಲರ್ಟ್: ಅದು ನಡೆಯುವ ಬಗೆ, ಬಂದಾಗ ನಾವು ಮಾಡಬೇಕಾದದ್ದು

ಕರೆಯ ರಿಂಗಣವನ್ನಾಗಲಿ ಸಂದೇಶದ ಸದ್ದನ್ನಾಗಲಿ ಹೋಲದ ಕರ್ಕಶ ಧ್ವನಿಯಲ್ಲಿ ಮೊಬೈಲ್ ಒಮ್ಮೆಗೇ ಕೂಗಿಕೊಂಡು ಅದುರತೊಡಗುತ್ತದೆ, ಪರದೆಯ ಮೇಲೆ ಎರಡು ಮೂರು ಸಾಲು ಮೂಡುತ್ತವೆ. ಅಮೆರಿಕದಲ್ಲಿ ಅಥವಾ ಕೆನಡಾದಲ್ಲಿ ನೆಲೆಸಿದವರಿಗೆ ಅಂಬರ್ ಅಲರ್ಟ್ ಎಂಬ ಈ ಎಚ್ಚರಿಕೆ ಹೊಸದೇನಲ್ಲ. ಆದರೂ ಬೆಚ್ಚಿಬಿದ್ದವರ ಕೈ ಎಷ್ಟೋ ಸಲ ಓದಿ ಮುಗಿಸುವ ಮೊದಲೇ ಅದನ್ನು ಬದಿಗೆ ಸರಿಸಿಬಿಟ್ಟಿರುತ್ತದೆ. ಆ ಎರಡು ಸಾಲಿನ ಹಿಂದೆ ಯಾರು ಯಾರು ಇದ್ದಾರೆ, ಅದನ್ನು ಹೇಗೆ ಓದಬೇಕು, ಕಂಡದ್ದನ್ನು ಯಾರಿಗೆ ಹೇಗೆ ತಿಳಿಸಬೇಕು, ನಮ್ಮದೇ ಮಗು ಕಾಣದಂತಾದರೆ ಮೊದಲ ಗಂಟೆಯಲ್ಲಿ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಅಲರ್ಟ್ ಹೊರಡಿಸುವವರು ಪೊಲೀಸರೇ ಆದರೂ ಅದಕ್ಕೆ ಬೇಕಾದ ವಿವರ ಕೊಡುವವರು ಮನೆಯವರು ಮತ್ತು ದಾರಿಹೋಕರು, ಅದನ್ನು ಓದಿ ಮಗುವನ್ನು ಗುರುತಿಸುವವರೂ ದಾರಿಹೋಕರೇ. ವಿವರ ಎಷ್ಟು ಖಚಿತವಾಗಿರುತ್ತದೆಯೋ ಅಲರ್ಟಿಗೆ ಅಷ್ಟು ಬಲ. ಮುಂದಿನ ಮಾತುಗಳೆಲ್ಲ ಈ ಒಂದು ತಿಳಿವಳಿಕೆಯನ್ನು ಆಧರಿಸಿವೆ.

ಈ ವ್ಯವಸ್ಥೆ ಏಕೆ ಬೇಕಾಯಿತು

1996ರ ಜನವರಿ 13ರಂದು ಟೆಕ್ಸಸ್ ರಾಜ್ಯದ ಆರ್ಲಿಂಗ್ಟನ್ ನಗರದಲ್ಲಿ ಸೈಕಲ್ ಓಡಿಸುತ್ತಿದ್ದ 9 ವರ್ಷದ ಅಂಬರ್ ಹ್ಯಾಗರ್ಮನ್ ಎಂಬ ಬಾಲಕಿಯನ್ನು ಒಬ್ಬಾತ ಹಗಲಿನಲ್ಲಿಯೇ ಎತ್ತಿಕೊಂಡು ಹೋದ. ಅದನ್ನು ಕಣ್ಣಾರೆ ಕಂಡ ನೆರೆಯವರೊಬ್ಬರು ಕೂಡಲೇ ಪೊಲೀಸರಿಗೆ ಫೋನ್ ಮಾಡಿ, ವಾಹನ ಕಪ್ಪು ಬಣ್ಣದ ಪಿಕಪ್ ಟ್ರಕ್ ಎಂದು ತಿಳಿಸಿದರು. ನಾಲ್ಕು ದಿನಗಳ ನಂತರ ಬಾಲಕಿಯ ಶವ ಒಂದು ತೊರೆಯಲ್ಲಿ ಸಿಕ್ಕಿತು. ಕೊಂದವನು ಯಾರೆಂಬುದು ಇಂದಿಗೂ ಪತ್ತೆಯಾಗಿಲ್ಲ. ಆ ಊರಿನವರನ್ನು ಬಹುವಾಗಿ ಕಾಡಿದ ಸಂಗತಿಯೆಂದರೆ, ಕಣ್ಣಾರೆ ಕಂಡ ಸಾಕ್ಷಿಯಿದ್ದರೂ ವಾಹನದ ಗುರುತು ಗೊತ್ತಿದ್ದರೂ ಆ ಮಾಹಿತಿಯನ್ನು ಅದೇ ಗಂಟೆಯಲ್ಲಿ ರಸ್ತೆಯ ಮೇಲಿದ್ದ ಸಾವಿರಾರು ಜನರಿಗೆ ಮುಟ್ಟಿಸುವ ದಾರಿಯೇ ಇರಲಿಲ್ಲ ಎಂಬುದು. ಬಿರುಗಾಳಿ ಬರುವಾಗ ರೇಡಿಯೊ ಮತ್ತು ಟಿವಿ ಕೇಂದ್ರಗಳು ಕಾರ್ಯಕ್ರಮವನ್ನು ನಿಲ್ಲಿಸಿ ಎಚ್ಚರಿಕೆ ಕೊಡುತ್ತವೆ, ಮಗುವನ್ನು ಹೊತ್ತೊಯ್ದಾಗ ಏಕೆ ಕೊಡಬಾರದು ಎಂದು ಅಲ್ಲಿನ ಕೇಳುಗರೊಬ್ಬರು ರೇಡಿಯೊ ಕೇಂದ್ರವೊಂದಕ್ಕೆ ಕೇಳಿದ ಪ್ರಶ್ನೆಯಿಂದ ಈ ಯೋಜನೆ ಮೊಳೆಯಿತು. ಡಾಲಸ್ ಮತ್ತು ಫೋರ್ಟ್ ವರ್ತ್ ಪ್ರದೇಶದ ಪ್ರಸಾರಕರು ಪೊಲೀಸರೊಂದಿಗೆ ಕೈಜೋಡಿಸಿ ಅದನ್ನು ಕಾರ್ಯರೂಪಕ್ಕೆ ತಂದರು.

ಅದಕ್ಕೂ ಮೊದಲು, 1980ರ ದಶಕದಲ್ಲಿ, ಕಾಣೆಯಾದ ಮಕ್ಕಳ ಚಿತ್ರಗಳನ್ನು ಹಾಲಿನ ರಟ್ಟಿನ ಪೆಟ್ಟಿಗೆಗಳ ಮೇಲೆ ಅಚ್ಚು ಹಾಕಿಸುವ ಪದ್ಧತಿಯಿತ್ತು. ಸದುದ್ದೇಶದ ಕೆಲಸವೇ ಆದರೂ ಆ ಚಿತ್ರ ಮನೆಯ ಮೇಜಿಗೆ ಬರುವ ವೇಳೆಗೆ ದಿನಗಳು, ವಾರಗಳು ಕಳೆದುಹೋಗಿರುತ್ತಿದ್ದವು. ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ ನಡೆಸಿದ ಅಧ್ಯಯನದ ಪ್ರಕಾರ, ಅಪಹರಣಕ್ಕೊಳಗಾಗಿ ಕೊಲೆಯಾದ ಮಕ್ಕಳಲ್ಲಿ ಶೇಕಡಾ 76ರಷ್ಟು ಮಂದಿ ಮೊದಲ ಮೂರು ಗಂಟೆಗಳಲ್ಲೇ ಪ್ರಾಣ ಕಳೆದುಕೊಂಡಿದ್ದರು. ಈ ಅಂಕಿಯನ್ನು ತಪ್ಪಾಗಿ ಓದಿಕೊಳ್ಳಬಾರದು: ಇದು ಅಪಹರಣಕ್ಕೊಳಗಾದ ಎಲ್ಲ ಮಕ್ಕಳ ಲೆಕ್ಕವಲ್ಲ, ಕೊಲೆಯಲ್ಲಿ ಕೊನೆಗೊಂಡ, ಅತಿ ವಿರಳವಾದ ಪ್ರಕರಣಗಳ ಲೆಕ್ಕ. ಹೆಚ್ಚಿನ ಮಕ್ಕಳು ಜೀವಂತವಾಗಿ ಮನೆಗೆ ಮರಳುತ್ತಾರೆ. ಆದರೆ ಅಲರ್ಟ್ ವ್ಯವಸ್ಥೆ ಗಂಟೆಗಳ ಲೆಕ್ಕದಲ್ಲಿ ಏಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಉತ್ತರ ಈ ಅಂಕಿಯಲ್ಲಿದೆ.

ಮೊದಲ ಫಲ ಸಿಕ್ಕಿದ್ದು 1998ರಲ್ಲಿ, ಅದೇ ಆರ್ಲಿಂಗ್ಟನ್ನಿನಲ್ಲಿ. ಮಗು ನೋಡಿಕೊಳ್ಳುತ್ತಿದ್ದಾಕೆ ಎಂಟು ವಾರದ ಹಸುಗೂಸನ್ನು ಕರೆದೊಯ್ದಿದ್ದಳು. ಅಲರ್ಟ್ ಪ್ರಸಾರವಾಗಿ ಒಂದೂವರೆ ಗಂಟೆಯೊಳಗೆ ವಾಹನ ಚಾಲಕರೊಬ್ಬರು ಆ ವಾಹನವನ್ನು ಗುರುತಿಸಿ ಫೋನ್ ಮಾಡಿದರು, ಕೂಸು ಸುರಕ್ಷಿತವಾಗಿ ತಾಯಿಯ ಮಡಿಲು ಸೇರಿತು. 2002ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಂಕಾಸ್ಟರ್‌ನಿಂದ ಇಬ್ಬರು ಹದಿಹರೆಯದ ಹುಡುಗಿಯರನ್ನು ಅಪಹರಿಸಲಾದಾಗ ಹೆದ್ದಾರಿಯ ವಿದ್ಯುನ್ಮಾನ ಫಲಕಗಳೂ ಈ ಕೆಲಸಕ್ಕೆ ಬಳಕೆಯಾದವು, ಅಂದೇ ಇಬ್ಬರೂ ಜೀವಂತವಾಗಿ ಸಿಕ್ಕರು. 2003ರ ಏಪ್ರಿಲ್ 30ರಂದು ಜಾರಿಗೆ ಬಂದ ಪ್ರೊಟೆಕ್ಟ್ ಕಾಯ್ದೆ ರಾಜ್ಯಗಳ ನಡುವಣ ಸಮನ್ವಯವನ್ನು ಅಮೆರಿಕದ ನ್ಯಾಯ ಇಲಾಖೆಗೆ ವಹಿಸಿತು. 2005ರ ವೇಳೆಗೆ ಐವತ್ತೂ ರಾಜ್ಯಗಳಲ್ಲಿ ಈ ವ್ಯವಸ್ಥೆ ನೆಲೆಗೊಂಡಿತ್ತು.

ಯಾವಾಗ ಹೊರಡುತ್ತದೆ, ಯಾವಾಗ ಇಲ್ಲ

ಕಾಣೆಯಾದ ಪ್ರತಿ ಮಗುವಿಗೂ ಅಲರ್ಟ್ ಹೊರಡುವುದಿಲ್ಲ. ಈ ಮಾತು ನೊಂದ ತಂದೆತಾಯಿಗೆ ಕಠೋರವಾಗಿ ಕೇಳಿಸುತ್ತದೆ, ಆದ್ದರಿಂದಲೇ ಅದನ್ನು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು. ಅಮೆರಿಕದ ನ್ಯಾಯ ಇಲಾಖೆ ರಾಜ್ಯಗಳಿಗೆ ಶಿಫಾರಸು ಮಾಡಿರುವ ಮಾನದಂಡಗಳ ಪ್ರಕಾರ ಅಪಹರಣ ನಡೆದಿದೆ ಎಂದು ನಂಬಲು ಪೊಲೀಸರಿಗೆ ಸಮಂಜಸವಾದ ಕಾರಣವಿರಬೇಕು, ಮಗುವಿನ ವಯಸ್ಸು 17 ಅಥವಾ ಅದಕ್ಕಿಂತ ಕಡಿಮೆಯಿರಬೇಕು, ಜೀವಕ್ಕೆ ಅಥವಾ ದೇಹಕ್ಕೆ ಗಂಭೀರ ಅಪಾಯ ಸನ್ನಿಹಿತವಾಗಿರಬೇಕು, ಪ್ರಸಾರ ಮಾಡಿದರೆ ಜನರಿಗೆ ಉಪಯೋಗವಾಗುವಷ್ಟು ವಿವರ ಕೈಯಲ್ಲಿರಬೇಕು. ಇದರ ಜೊತೆಗೆ ಮಗುವಿನ ಹೆಸರು ಮತ್ತು ವಿವರಗಳನ್ನು ಅಪಹರಣದ ಗುರುತಿನೊಂದಿಗೆ ರಾಷ್ಟ್ರೀಯ ಅಪರಾಧ ಮಾಹಿತಿ ಕೇಂದ್ರದ ದತ್ತಾಂಶದಲ್ಲಿ ದಾಖಲಿಸಿರಬೇಕು. ರಾಜ್ಯದಿಂದ ರಾಜ್ಯಕ್ಕೆ ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ ತಿರುಳು ಇಷ್ಟೇ.

ಈ ಪೈಕಿ ಪ್ರಕರಣಗಳು ಹೆಚ್ಚಾಗಿ ಮುಗ್ಗರಿಸುವುದು ವಿವರದ ಷರತ್ತಿನಲ್ಲಿ. ಮಗು ಎಂಥ ಬಟ್ಟೆ ಹಾಕಿತ್ತು, ಯಾರ ಜೊತೆ ಹೋಯಿತು, ವಾಹನ ಯಾವುದು ಎಂಬ ಯಾವ ಸುಳಿವೂ ಇಲ್ಲದಿದ್ದರೆ, ಊರಿನ ಜನರೆಲ್ಲ ಎಚ್ಚರವಾದರೂ ಅವರು ನೋಡಬೇಕಾದದ್ದು ಏನು ಎಂಬುದೇ ಗೊತ್ತಿರುವುದಿಲ್ಲ. ಅಮೆರಿಕದಲ್ಲಿ ವರ್ಷವೊಂದಕ್ಕೆ ಕಾಣೆಯಾದ ಮಕ್ಕಳ ಬಗ್ಗೆ ಪೊಲೀಸ್ ದತ್ತಾಂಶದಲ್ಲಿ ಸೇರುವ ದಾಖಲೆಗಳು ಮೂರೂವರೆ ಲಕ್ಷದ ಆಸುಪಾಸಿನಲ್ಲಿದ್ದರೆ, ಹೊರಡುವ ಅಂಬರ್ ಅಲರ್ಟುಗಳು ಸುಮಾರು 200. ಆ ದಾಖಲೆಗಳಲ್ಲಿ ಬಹುಪಾಲು ಮನೆ ಬಿಟ್ಟು ಹೋದ ಹದಿಹರೆಯದವರದ್ದು. ಎಲ್ಲದಕ್ಕೂ ಫೋನುಗಳು ಕೂಗಿಕೊಂಡರೆ ವಾರದೊಳಗೆ ಯಾರೂ ಕಿವಿಗೊಡುವುದಿಲ್ಲ. ಈ ಬಿಗಿಯ ನಿಯಮದಿಂದ ಕೆಲವೊಮ್ಮೆ ನಿಜಕ್ಕೂ ಅಪಾಯದಲ್ಲಿರುವ ಮಗು ಹೊರಗುಳಿಯುತ್ತದೆ ಎಂಬ ಟೀಕೆಯಲ್ಲಿ ಹುರುಳಿದೆ. ಆದರೂ ನಿಯಮವನ್ನು ಸಡಿಲಿಸುವುದಕ್ಕಿಂತ, ಆ ಮಕ್ಕಳಿಗೆ ಬೇರೆ ಬಗೆಯ ಪ್ರಕಟಣೆಗಳನ್ನು ಸಮರ್ಥವಾಗಿ ಬಳಸುವುದೇ ಸರಿಯಾದ ದಾರಿ ಎಂದು ನನಗನ್ನಿಸುತ್ತದೆ. ಅಂಥ ಪ್ರಕಟಣೆಗಳ ಬಗ್ಗೆ ಮುಂದೆ ಬರೆದಿದ್ದೇನೆ.

ಬೇರೆ ದೇಶಗಳೂ ಇದೇ ತತ್ತ್ವವನ್ನು ತಮ್ಮ ರೀತಿಯಲ್ಲಿ ಅಳವಡಿಸಿಕೊಂಡಿವೆ. ಕೆನಡಾದಲ್ಲಿ ಆಲ್ಬರ್ಟಾ ಪ್ರಾಂತ್ಯ 2002ರಲ್ಲಿ ಮೊದಲು ಹೆಜ್ಜೆಯಿಟ್ಟಿತು. ಫ್ರಾನ್ಸಿನಲ್ಲಿ 2006ರಿಂದ ಇರುವ ವ್ಯವಸ್ಥೆಯಲ್ಲಿ ತೀರ್ಮಾನ ಕೈಗೊಳ್ಳುವವರು ಸರ್ಕಾರಿ ಅಭಿಯೋಜಕರು, ಪ್ರಸಾರದ ಅವಧಿ ಮೂರು ಗಂಟೆ. ಅಲ್ಲಿ ಅಪಹರಣ ನಡೆದದ್ದು ಕೇವಲ ಶಂಕೆಯಾಗಿರದೆ ಖಚಿತವಾಗಿರಬೇಕು. ಯುರೋಪಿನ ಬಹಳಷ್ಟು ದೇಶಗಳಲ್ಲಿ ಕಾಣೆಯಾದ ಮಕ್ಕಳಿಗಾಗಿಯೇ 116 000 ಎಂಬ ಒಂದೇ ಸಹಾಯವಾಣಿ ಸಂಖ್ಯೆಯಿದೆ.

ಸಂದೇಶ ನಮ್ಮ ಕೈಗೆ ಬರುವ ದಾರಿ

ಸ್ಥಳೀಯ ಪೊಲೀಸರು ಮಾನದಂಡ ಪೂರೈಸಿದೆ ಎಂದು ಕಂಡುಕೊಂಡ ಮೇಲೆ ರಾಜ್ಯದ ಅಂಬರ್ ಸಂಯೋಜಕರಿಗೆ ತಿಳಿಸುತ್ತಾರೆ. ಅಲ್ಲಿಂದ ಅದು ರೇಡಿಯೊ ಮತ್ತು ಟಿವಿ ಕೇಂದ್ರಗಳಿಗೆ, ಹೆದ್ದಾರಿ ಫಲಕಗಳಿಗೆ, ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರಕ್ಕೆ ಹೋಗುತ್ತದೆ. 1984ರಲ್ಲಿ ಸ್ಥಾಪನೆಯಾದ ಈ ಕೇಂದ್ರ ಅದನ್ನು ಜಾಹೀರಾತು ಪರದೆಗಳು, ಅಂತರ್ಜಾಲ ಕಂಪನಿಗಳು, ಸಾಮಾಜಿಕ ಜಾಲತಾಣಗಳವರೆಗೆ ಹರಡುತ್ತದೆ. ಫೇಸ್‌ಬುಕ್ 2015ರಲ್ಲಿ, ಇನ್‌ಸ್ಟಾಗ್ರಾಮ್ 2022ರಲ್ಲಿ ಇದಕ್ಕೆ ಸೇರಿಕೊಂಡವು.

ಮೊಬೈಲಿಗೆ ಬರುವ ಅಲರ್ಟ್ 2013ರ ಆರಂಭದಿಂದ ಬಳಕೆಯಲ್ಲಿದೆ. ಇದು ಎಸ್ಎಂಎಸ್ ಅಲ್ಲ. ಮೊಬೈಲ್ ಗೋಪುರ ಒಂದು ಪ್ರದೇಶಕ್ಕೆಲ್ಲ ಒಮ್ಮೆಗೇ ಸಾರುವ ಪ್ರಸಾರ, ಹಿಂದೆ ಡಂಗುರ ಸಾರಿದ ಹಾಗೆ. ಆ ಗೋಪುರದ ವ್ಯಾಪ್ತಿಯಲ್ಲಿರುವ ಫೋನು ಅದನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು, ನಿಮ್ಮ ನಂಬರ್ ಯಾವುದು, ನೀವು ಎಲ್ಲಿದ್ದೀರಿ ಎಂಬುದನ್ನು ಯಾರಿಗೂ ಹೇಳುವುದಿಲ್ಲ. ಸರ್ಕಾರ ನಮ್ಮ ಜಾಡು ಹಿಡಿಯುತ್ತದೆಂಬ ಭಯದಿಂದ ಈ ಸೇವೆಯನ್ನು ಆಫ್ ಮಾಡಿಟ್ಟವರು ನಿಶ್ಚಿಂತೆಯಿಂದ ಮತ್ತೆ ಆನ್ ಮಾಡಬಹುದು. ಐಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ನೋಟಿಫಿಕೇಶನ್ಸ್ ಪುಟದ ಕೊನೆಯವರೆಗೆ ಹೋದರೆ ಗವರ್ನಮೆಂಟ್ ಅಲರ್ಟ್ಸ್ ಎಂಬ ಭಾಗ ಸಿಗುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್ ಒಳಗಿನ ಹುಡುಕುವ ಪಟ್ಟಿಯಲ್ಲಿ ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್ ಎಂದು ಟೈಪ್ ಮಾಡಿದರೆ ಸಾಕು. ಅಮೆರಿಕದಲ್ಲಿ ಅಂಬರ್ ಅಲರ್ಟನ್ನು ಬೇಡವೆನ್ನಲು ಅವಕಾಶವಿದೆ, ಕೆನಡಾದಲ್ಲಿ ಇಲ್ಲ. 2019ರಲ್ಲಿ ಒಂಟಾರಿಯೊ ಪ್ರಾಂತ್ಯದಲ್ಲಿ ರಾತ್ರಿ ಹೊತ್ತು ಅಲರ್ಟ್ ಬಂದದ್ದಕ್ಕೆ ಸಿಟ್ಟಾಗಿ ತುರ್ತು ಸಂಖ್ಯೆ 911ಕ್ಕೇ ಫೋನ್ ಮಾಡಿ ದೂರಿದವರಿದ್ದರು. ಸುಳಿವು ಕೊಡುವವರಿಗೆ ಬಿಡುವಾಗಿರಬೇಕಾದ ಸಾಲನ್ನು ಹಾಗೆ ಹಿಡಿದುಕೊಳ್ಳಬೇಡಿರೆಂದು ಪೊಲೀಸರು ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ನಿದ್ದೆ ಕೆಟ್ಟರೆ ಕೋಪ ಬರುವುದು ಸಹಜ, ಆದರೆ ಆ ಹೊತ್ತಿನಲ್ಲಿ ಇನ್ನೊಂದು ಮನೆಯಲ್ಲಿ ಎಚ್ಚರವಿರುವವರನ್ನು ನೆನೆಯಬೇಕು.

ಓದುವ ಬಗೆ

ಈ ಸಂದೇಶಗಳಿಗೆ ಮೊದಲು 90 ಅಕ್ಷರಗಳ ಮಿತಿಯಿತ್ತು. 2019ರಿಂದ ಹೊಸ ಫೋನುಗಳಲ್ಲಿ ಅದು 360ಕ್ಕೆ ಏರಿದೆ. ಇಷ್ಟು ಇಕ್ಕಟ್ಟಿನಲ್ಲಿ ಬರೆದದ್ದರಿಂದ ಸಂದೇಶ ಗೂಢಲಿಪಿಯಂತೆ ಕಾಣುತ್ತದೆ. ಮೊದಲು ಊರಿನ ಹೆಸರು, ಬಳಿಕ ಲೈಸೆನ್ಸ್ ಎಂಬುದನ್ನು ಸೂಚಿಸುವ ಎಲ್, ಐ, ಸಿ ಎಂಬ ಮೂರು ಅಕ್ಷರ, ಒಂದು ಓರೆಗೆರೆ, ಅದರ ಮುಂದೆ ವಾಹನದ ನೋಂದಣಿ ಸಂಖ್ಯೆ, ರಾಜ್ಯದ ಸಂಕ್ಷಿಪ್ತ ಹೆಸರು, ಬಣ್ಣ, ಕಂಪನಿ, ಮಾಡೆಲ್, ಬಾಗಿಲುಗಳ ಎಣಿಕೆ. ಮಗುವಿನ ಹೆಸರು ಕೆಲವೊಮ್ಮೆ ಇರುವುದೇ ಇಲ್ಲ. ಅದಕ್ಕೆ ಕಾರಣ ಸ್ಪಷ್ಟ: ಕಾರಿನ ಹಿಂದಿನ ಸೀಟಿನಲ್ಲಿ ಮಲಗಿರಬಹುದಾದ ಮಗು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ, ನಂಬರ್ ಪ್ಲೇಟ್ ಬೀಳುತ್ತದೆ.

ಆದ್ದರಿಂದ ಸಂದೇಶ ಬಂದ ಕೂಡಲೇ ಅದನ್ನು ಸರಿಸದೆ, ನಂಬರಿನ ಕೊನೆಯ ಮೂರು ಅಂಕಿ ಅಥವಾ ಅಕ್ಷರಗಳನ್ನೂ ವಾಹನದ ಬಣ್ಣ ಮತ್ತು ಆಕಾರವನ್ನೂ ಬಾಯಲ್ಲಿ ಎರಡು ಸಲ ಹೇಳಿಕೊಳ್ಳಿ. ಇಡೀ ನಂಬರ್ ನೆನಪಿನಲ್ಲಿ ನಿಲ್ಲುವುದಿಲ್ಲ, ಮೂರು ಅಕ್ಷರ ನಿಲ್ಲುತ್ತವೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಕೆಲವು ಫೋನುಗಳಲ್ಲಿ ಒಮ್ಮೆ ಒತ್ತಿದ ಮೇಲೆ ಆ ಸಂದೇಶವನ್ನು ಮತ್ತೆ ಹುಡುಕುವುದು ಕಷ್ಟ. ನೀವು ವಾಹನ ಚಲಾಯಿಸುತ್ತಿದ್ದರೆ ಫೋನ್ ಕೈಗೆತ್ತಿಕೊಳ್ಳಬೇಡಿ, ಪಕ್ಕದಲ್ಲಿರುವವರು ಗಟ್ಟಿಯಾಗಿ ಓದಲಿ. ಇಂಗ್ಲಿಷ್ ಓದಲು ಬಾರದ ಹಿರಿಯರು ಮನೆಯಲ್ಲಿದ್ದರೆ ಆ ಸದ್ದು ಏನೆಂಬುದನ್ನು ಅವರಿಗೆ ಮುಂಚೆಯೇ ತಿಳಿಸಿಡಬೇಕು. ಇಲ್ಲವಾದರೆ ಮನೆಯಲ್ಲಿ ಒಬ್ಬರೇ ಇರುವಾಗ ಅವರು ಗಾಬರಿಗೊಳ್ಳುತ್ತಾರೆ.

ನೆನಪನ್ನು ಹಿಂದಕ್ಕೂ ಹರಿಸಬೇಕು. ಸಂದೇಶ ಬರುವ ಮೊದಲೇ ಆ ವಾಹನವನ್ನು ನೀವು ಕಂಡಿರಬಹುದು. 2013ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದಿಂದ ಅಪಹೃತಳಾದ 16 ವರ್ಷದ ಹುಡುಗಿಗೂ ಅವಳನ್ನು ಕರೆದೊಯ್ದವನಿಗೂ ಐಡಾಹೊ ರಾಜ್ಯದ ದಟ್ಟ ಕಾಡಿನಲ್ಲಿ ಕುದುರೆಯ ಮೇಲೆ ಹೊರಟಿದ್ದ ಕೆಲವರು ಎದುರಾಗಿದ್ದರು. ಅವರಿಗೆ ಅಲರ್ಟಿನ ವಿಷಯ ಆಗ ತಿಳಿದಿರಲಿಲ್ಲ. ಆ ದುರ್ಗಮ ಪ್ರದೇಶಕ್ಕೆ ತಕ್ಕ ಬಟ್ಟೆಬರೆ, ಸಲಕರಣೆ ಇಲ್ಲದೆ ನಡೆಯುತ್ತಿದ್ದ ಆ ಇಬ್ಬರ ರೀತಿ ಸರಿಯಿಲ್ಲವೆಂದು ಮನಸ್ಸಿಗೆ ಬಂದಿತ್ತು ಅಷ್ಟೆ. ಮನೆಗೆ ಮರಳಿ ಟಿವಿಯಲ್ಲಿ ಚಿತ್ರ ಕಂಡಾಗ ಗುರುತು ಹತ್ತಿತು, ಪೊಲೀಸರಿಗೆ ಫೋನ್ ಮಾಡಿದರು, ಹುಡುಗಿ ಜೀವಂತವಾಗಿ ಸಿಕ್ಕಳು. ಮನಸ್ಸಿಗೆ ಅಸಹಜವೆನಿಸಿದ್ದನ್ನು ಅವರು ಗಮನಿಸಿಟ್ಟುಕೊಂಡಿದ್ದರು, ಹೊತ್ತು ಮೀರಿತೆಂದು ಸುಮ್ಮನಾಗಲಿಲ್ಲ.

ಕಂಡರೆ ಮಾಡಬೇಕಾದದ್ದು

ಅಲರ್ಟಿನಲ್ಲಿ ಹೇಳಿದ ವಾಹನವನ್ನೋ ವ್ಯಕ್ತಿಯನ್ನೋ ಕಂಡಿರೆಂದು ಅನ್ನಿಸಿದರೆ ಕೂಡಲೇ ಅಲ್ಲಿನ ತುರ್ತು ಸಂಖ್ಯೆಗೆ ಫೋನ್ ಮಾಡಿ. ಅಮೆರಿಕದಲ್ಲಿ ಮತ್ತು ಕೆನಡಾದಲ್ಲಿ ಅದು 911. ಖಚಿತವಾಗಿ ಗೊತ್ತಿಲ್ಲವಲ್ಲ ಎಂದು ಹಿಂಜರಿಯಬೇಡಿ, ಖಚಿತಪಡಿಸಿಕೊಳ್ಳುವುದು ಪೊಲೀಸರ ಕೆಲಸ. ಅತ್ತ ಕಡೆಯವರು ಮೊದಲು ಕೇಳುವುದು ಸ್ಥಳವನ್ನು, ಆದ್ದರಿಂದ ರಸ್ತೆಯ ಹೆಸರು, ಹೆದ್ದಾರಿಯಾದರೆ ಅದರ ಸಂಖ್ಯೆ, ಯಾವ ದಿಕ್ಕಿನ ಪಥ, ಹತ್ತಿರದ ಮೈಲಿಗಲ್ಲು ಅಥವಾ ನಿರ್ಗಮನ ಸಂಖ್ಯೆ ಇವನ್ನು ಮೊದಲೇ ನೋಡಿಕೊಂಡಿರಿ. ಆ ಬಳಿಕ ವಾಹನ, ನಂಬರ್, ಒಳಗೆ ಎಷ್ಟು ಜನ ಕಂಡರು, ಅವರ ಉಡುಪು, ನೀವು ಕಂಡು ಎಷ್ಟು ನಿಮಿಷವಾಯಿತು ಎಂಬುದನ್ನು ತಿಳಿಸಿ. ಕಂಡದ್ದನ್ನು ಮಾತ್ರ ಹೇಳಬೇಕು. ಊಹೆಯನ್ನು ಕಂಡದ್ದರ ಜೊತೆ ಬೆರೆಸಿದರೆ ಹುಡುಕಾಟ ದಾರಿ ತಪ್ಪುತ್ತದೆ. ನಂಬರಿನ ಎರಡು ಅಂಕಿ ಮಾತ್ರ ಕಂಡಿದ್ದರೆ ಎರಡನ್ನೇ ಹೇಳಿ, ಉಳಿದದ್ದನ್ನು ಸಂದೇಶದಿಂದ ತುಂಬಬೇಡಿ.

ಆ ವಾಹನವನ್ನು ಅಡ್ಡಗಟ್ಟುವುದು, ಚಾಲಕನೊಡನೆ ಜಗಳಕ್ಕೆ ನಿಲ್ಲುವುದು, ವೇಗವಾಗಿ ಬೆನ್ನಟ್ಟುವುದು ಯಾವ ಕಾರಣಕ್ಕೂ ಕೂಡದು. ತನ್ನನ್ನು ಗುರುತಿಸಿದ್ದಾರೆಂದು ಅಪಹರಣಕಾರನಿಗೆ ತಿಳಿದರೆ ಮೊದಲ ಅಪಾಯ ಮಗುವಿಗೇ. ದೂರದಿಂದ, ನಿಮ್ಮ ಸುರಕ್ಷತೆಗೆ ಧಕ್ಕೆಯಿಲ್ಲದೆ, ವಾಹನ ಕಣ್ಣಳತೆಯಲ್ಲಿದ್ದರೆ ಫೋನಿನಲ್ಲಿರುವವರಿಗೆ ಹೇಳಿ, ಅವರು ಹೇಳಿದಂತೆ ನಡೆದುಕೊಳ್ಳಿ, ಅವರು ಇಡಿ ಎನ್ನುವವರೆಗೆ ಫೋನ್ ಇಡಬೇಡಿ.

ನಿಮ್ಮದೇ ಮಗು ಕಾಣದಿದ್ದರೆ

ಇಪ್ಪತ್ನಾಲ್ಕು ಗಂಟೆ ಕಾದು ದೂರು ಕೊಡಬೇಕು ಎಂಬ ಮಾತು ಎಲ್ಲಿಂದ ಹುಟ್ಟಿತೋ, ಬಹಳ ಜನ ಅದನ್ನು ನಂಬಿದ್ದಾರೆ. ಮಕ್ಕಳ ವಿಷಯದಲ್ಲಿ ಅದು ಶುದ್ಧ ಸುಳ್ಳು. ಅಮೆರಿಕದಲ್ಲಿ 1990ರ ಕಾಯ್ದೆಯೊಂದು ಪೊಲೀಸರು ಹಾಗೆ ಕಾಯಿಸುವುದನ್ನು ನಿಷೇಧಿಸಿದೆ. 2006ರ ಆ್ಯಡಮ್ ವಾಲ್ಶ್ ಕಾಯ್ದೆಯ ಪ್ರಕಾರ ದೂರು ಬಂದ ಎರಡು ಗಂಟೆಯೊಳಗೆ ಮಗುವಿನ ವಿವರ ರಾಷ್ಟ್ರೀಯ ದತ್ತಾಂಶದಲ್ಲಿ ಸೇರಬೇಕು. ಠಾಣೆಯಲ್ಲಿ ಯಾರಾದರೂ ನಾಳೆ ಬನ್ನಿ ಎಂದರೆ ಈ ಎರಡು ಸಂಗತಿಗಳನ್ನು ಸಮಾಧಾನದಿಂದಲೇ ಹೇಳಿ, ದಾಖಲಿಸುವಂತೆ ಒತ್ತಾಯಿಸಿ.

ಮನೆಯಲ್ಲಿ ಹುಡುಕುವುದನ್ನೂ ಫೋನ್ ಮಾಡುವುದನ್ನೂ ಒಟ್ಟೊಟ್ಟಿಗೆ ನಡೆಸಬಹುದು. ಸಣ್ಣ ಮಕ್ಕಳು ಊಹಿಸದ ಕಡೆಗಳಲ್ಲಿ ನಿದ್ದೆ ಹೋಗಿರುತ್ತಾರೆ. ಕಪಾಟು, ಮಂಚದ ಅಡಿ, ಒಗೆಯುವ ಬಟ್ಟೆಗಳ ರಾಶಿ, ದೊಡ್ಡ ಯಂತ್ರಗಳ ಒಳಭಾಗ, ಕಾರು, ಕಾರಿನ ಡಿಕ್ಕಿ, ಒಬ್ಬ ಮಗು ನುಸುಳಬಹುದಾದ ಪ್ರತಿಯೊಂದು ಜಾಗವನ್ನೂ ಕೈಯಾಡಿಸಿ ನೋಡಬೇಕು. ಆಟಿಸಂ ಇರುವ ಮಗುವಾಗಿದ್ದರೆ ಹತ್ತಿರದ ಈಜುಕೊಳ, ಕೆರೆ, ಹೊಳೆ, ಕಾಲುವೆಗಳತ್ತ ಮೊದಲು ಓಡಿ, ಏಕೆಂದರೆ ಇಂಥ ಮಕ್ಕಳು ನೀರಿನ ಸೆಳೆತಕ್ಕೆ ಒಳಗಾಗುವುದು ಹೆಚ್ಚು. ಪೊಲೀಸರಿಗೂ ಈ ವಿಷಯವನ್ನು ಮೊದಲ ವಾಕ್ಯದಲ್ಲೇ ತಿಳಿಸಿ. ದೊಡ್ಡ ಅಂಗಡಿಯಲ್ಲಿ ಮಗು ಕೈತಪ್ಪಿದರೆ ಅಲ್ಲಿನ ಸಿಬ್ಬಂದಿಗೆ ಕೂಡಲೇ ಹೇಳಬೇಕು. ಅಮೆರಿಕದ ಅನೇಕ ಮಳಿಗೆಗಳಲ್ಲಿ ಕೋಡ್ ಆ್ಯಡಮ್ ಎಂಬ ಕ್ರಮವಿದೆ. 1994ರಲ್ಲಿ ವಾಲ್‌ಮಾರ್ಟ್ ಆರಂಭಿಸಿದ ಈ ಕ್ರಮದಲ್ಲಿ ಮಗುವಿನ ಚಹರೆಯನ್ನು ಧ್ವನಿವರ್ಧಕದಲ್ಲಿ ಹೇಳಿ, ಹೊರಬಾಗಿಲುಗಳ ಮೇಲೆ ಕಾವಲಿಟ್ಟು ಹುಡುಕುತ್ತಾರೆ.

ಪೊಲೀಸರೊಡನೆ ಮಾತನಾಡುವಾಗ ಮಗು ಕಾಣೆಯಾಗಿದೆ ಎಂಬಲ್ಲಿಗೆ ನಿಲ್ಲಿಸದೆ, ಯಾರಾದರೂ ಕರೆದೊಯ್ದಿದ್ದಾರೆಂದು ಅನುಮಾನಿಸಲು ನಿಮಗಿರುವ ಕಾರಣವನ್ನು ಬಿಡಿಸಿ ಹೇಳಿ. ಅಲರ್ಟಿನ ಮಾನದಂಡದಲ್ಲಿ ಅಪಹರಣ ಮತ್ತು ಅಪಾಯ ಎಂಬ ಎರಡು ಮಾತುಗಳಿವೆಯೆಂಬುದನ್ನು ನೆನಪಿಡಿ. ಬೆದರಿಕೆಯ ಸಂದೇಶ, ಹಿಂದಿನ ಹಲ್ಲೆ, ನ್ಯಾಯಾಲಯದ ರಕ್ಷಣಾ ಆದೇಶ, ಕರೆದೊಯ್ದವರ ಬಳಿ ಆಯುಧವಿರುವ ಸಂಗತಿ, ಮಗುವಿಗೆ ಹೊತ್ತಿಗೆ ಸರಿಯಾಗಿ ಬೇಕಾದ ಔಷಧಿ ಇವೆಲ್ಲ ಆ ತೀರ್ಮಾನಕ್ಕೆ ಆಧಾರವಾಗುತ್ತವೆ. ಮನೆಯ ಗುಟ್ಟು ಹೊರಗೆ ಹೋಗಬಾರದೆಂಬ ಸಂಕೋಚವನ್ನು ಆ ಗಂಟೆಯಲ್ಲಿ ಬಿಟ್ಟುಬಿಡಬೇಕು. ಗಂಡಹೆಂಡಿರ ನಡುವಣ ವೈಮನಸ್ಯವನ್ನು ಮುಚ್ಚಿಟ್ಟದ್ದರಿಂದ ಪೊಲೀಸರು ನಿಜವಾದ ದಾರಿ ಬಿಟ್ಟು ಬೇರೆಡೆ ಹುಡುಕುವಂತಾದರೆ ಕಳೆದುಹೋದ ಆ ಹೊತ್ತನ್ನು ಯಾರೂ ಹಿಂದಿರುಗಿಸಲಾರರು.

ಮಗುವಿನ ಕೋಣೆಗೆ ಯಾರನ್ನೂ ಬಿಡಬೇಡಿ. ಹಾಸಿಗೆಯನ್ನು ಮಡಿಚುವುದು, ಕಸ ಗುಡಿಸುವುದು, ಬಟ್ಟೆ ಒಗೆಯುವುದು ಬೇಡ. ಬಾಚಣಿಗೆಯಲ್ಲಿ ಸಿಕ್ಕಿಕೊಂಡ ಕೂದಲು, ಹಲ್ಲುಜ್ಜುವ ಬ್ರಷ್, ದಿಂಬಿನ ಹೊದಿಕೆ ಇವು ಡಿಎನ್ಎ ಪರೀಕ್ಷೆಗೂ ನಾಯಿಗಳಿಗೆ ವಾಸನೆ ತೋರಿಸುವುದಕ್ಕೂ ಬೇಕಾಗುತ್ತವೆ. ಮಗುವಿನ ಫೋನ್, ಟ್ಯಾಬ್ಲೆಟ್, ಆಟದ ಖಾತೆಗಳ ಹೆಸರುಗಳನ್ನು ಪೊಲೀಸರಿಗೆ ಕೊಡಿ, ನೀವೇ ಅದರೊಳಗೆ ಹುಡುಕಾಡಲು ಹೋಗಬೇಡಿ. ಮಗುವಿಗೆ ಬಾಯಿಪಾಠವಿರುವ ಫೋನ್ ಸಂಖ್ಯೆಯ ಬಳಿ ಯಾರಾದರೂ ಸದಾ ಇರಲಿ. ನೆಂಟರಲ್ಲಿ ನಿಧಾನಸ್ಥರಾದ ಒಬ್ಬರಿಗೆ ನೋಟ್‌ಪುಸ್ತಕ ಕೊಟ್ಟು, ಯಾವ ಅಧಿಕಾರಿ ಎಷ್ಟು ಹೊತ್ತಿಗೆ ಬಂದರು, ಏನು ಕೇಳಿದರು, ಯಾರು ಫೋನ್ ಮಾಡಿದರು ಎಂಬುದನ್ನು ಬರೆಯಿಸಿ. ಅಮೆರಿಕದಲ್ಲಿರುವವರು ಪೊಲೀಸರಿಗೆ ದೂರು ಕೊಟ್ಟ ಮೇಲೆ ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರದ ಸಹಾಯವಾಣಿ 1-800-843-5678ಕ್ಕೂ ತಿಳಿಸಬೇಕು.

ಅಲರ್ಟ್ ಸಿಗದಿದ್ದರೆ

ಅಂಬರ್ ಅಲರ್ಟ್ ಹೊರಡಿಸಲು ಬರುವುದಿಲ್ಲವೆಂದರೆ ಪೊಲೀಸರು ಹುಡುಕುವುದಿಲ್ಲ ಎಂದಲ್ಲ. ಅಪಾಯದಲ್ಲಿರುವ, ಆದರೆ ಅಪಹರಣವೆಂದು ಹೇಳಲಾಗದ ಮಕ್ಕಳಿಗಾಗಿ ಅನೇಕ ರಾಜ್ಯಗಳಲ್ಲಿ ಪ್ರತ್ಯೇಕ ಪ್ರಕಟಣೆಗಳಿವೆ. ಎಲ್ಲ ಸಲವೂ ಫೋನುಗಳಲ್ಲಿ ಸದ್ದು ಮಾಡದಿದ್ದರೂ ಅವು ಪತ್ರಿಕೆ, ಟಿವಿ, ಜಾಲತಾಣಗಳಿಗೆ ಹೋಗುತ್ತವೆ. ಅಂಬರ್ ಸಿಗದಿದ್ದರೆ ಬೇರೆ ಯಾವ ಪ್ರಕಟಣೆ ಹೊರಡಿಸಬಹುದು, ಯಾವ ವಿವರ ಸಿಕ್ಕರೆ ತೀರ್ಮಾನ ಬದಲಾಗಬಹುದು ಎಂದು ಅಧಿಕಾರಿಯನ್ನು ನೇರವಾಗಿ ಕೇಳಿ. ಮೊದಲ ಗಂಟೆಯಲ್ಲಿ ಇಲ್ಲವೆಂದದ್ದು ನಾಲ್ಕನೆಯ ಗಂಟೆಯಲ್ಲಿ ಒಂದು ನಂಬರ್ ಪ್ಲೇಟ್ ಸಿಕ್ಕೊಡನೆ ಹೌದೆಂದಾಗಬಹುದು.

ಮಗುವನ್ನು ತಂದೆಯೋ ತಾಯಿಯೋ ಕರೆದೊಯ್ದ ಪ್ರಕರಣಗಳೇ ವಾಸ್ತವದಲ್ಲಿ ಹೆಚ್ಚು. ಅಪರಿಚಿತರು ಮಗುವನ್ನು ಹೊತ್ತೊಯ್ದು ಇರಿಸಿಕೊಳ್ಳುವ ಪ್ರಕರಣಗಳು ಅಮೆರಿಕದಂಥ ದೊಡ್ಡ ದೇಶದಲ್ಲಿಯೂ ವರ್ಷಕ್ಕೆ ನೂರರ ಆಸುಪಾಸು ಎಂದು ಅಲ್ಲಿನ ರಾಷ್ಟ್ರೀಯ ಸಮೀಕ್ಷೆಗಳು ಹೇಳಿವೆ. ಮಗುವನ್ನು ಹೊರದೇಶಕ್ಕೆ ಕರೆದೊಯ್ಯುವ ಶಂಕೆಯಿದ್ದರೆ ಅಲರ್ಟಿಗಿಂತ ಮೊದಲು ನೆನಪಾಗಬೇಕಾದದ್ದು ಪಾಸ್‌ಪೋರ್ಟ್. ಅಮೆರಿಕದ ಪ್ರಜೆಯಾದ ಮಗುವಿನ ಹೆಸರನ್ನು ವಿದೇಶಾಂಗ ಇಲಾಖೆಯ ಮಕ್ಕಳ ಪಾಸ್‌ಪೋರ್ಟ್ ಎಚ್ಚರಿಕೆ ಕಾರ್ಯಕ್ರಮದಲ್ಲಿ ಮುಂಚಿತವಾಗಿ ನೋಂದಾಯಿಸಿದ್ದರೆ, ಯಾರಾದರೂ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ ಇನ್ನೊಬ್ಬ ಪೋಷಕರಿಗೆ ತಿಳಿಸಲಾಗುತ್ತದೆ. ಗಡಿ ದಾಟಿದ ಮೇಲೆ, ಕಾಣೆಯಾದವರನ್ನು ಹುಡುಕಲು ಇಂಟರ್‌ಪೋಲ್ ದೇಶದೇಶಗಳ ಪೊಲೀಸರಿಗೆ ಕಳುಹಿಸುವ ಯೆಲ್ಲೋ ನೋಟಿಸ್ ಮತ್ತು ಮಕ್ಕಳ ಅಂತರರಾಷ್ಟ್ರೀಯ ಅಪಹರಣ ಕುರಿತ 1980ರ ಹೇಗ್ ಒಪ್ಪಂದ ನೆರವಿಗೆ ಬರುತ್ತವೆ. ಆದರೆ ಆ ಒಪ್ಪಂದಕ್ಕೆ ಎಲ್ಲ ದೇಶಗಳೂ ಸೇರಿಲ್ಲ, ಭಾರತವೂ ಸೇರಿಲ್ಲ. ಹಾಗಾಗಿ ಗಡಿ ದಾಟುವ ಮೊದಲೇ ವಕೀಲರನ್ನು ಕಂಡು ನ್ಯಾಯಾಲಯದ ಆದೇಶ ಪಡೆಯುವುದು ಬಹು ಮುಖ್ಯ.

ಮುಂಚಿತವಾಗಿ ಇಟ್ಟುಕೊಳ್ಳಬೇಕಾದ ವಿವರ

ಗಾಬರಿಯಲ್ಲಿ ತಾಯಿಗೂ ತನ್ನ ಮಗುವಿನ ಎತ್ತರ ನೆನಪಾಗುವುದಿಲ್ಲ. ಆರು ತಿಂಗಳಿಗೊಮ್ಮೆ, ಮಗು ತೀರ ಚಿಕ್ಕದಿದ್ದರೆ ಇನ್ನೂ ಬೇಗನೆ, ಒಂದು ಸ್ಪಷ್ಟ ಚಿತ್ರ ತೆಗೆದಿಡಿ. ಹಬ್ಬದ ಉಡುಪಿನಲ್ಲಿ, ಹಣೆಗೆ ಅಲಂಕಾರ ಮಾಡಿ, ಮೂವರು ಮಕ್ಕಳನ್ನು ತಬ್ಬಿಸಿ ತೆಗೆದ ಚಿತ್ರ ಎಷ್ಟು ಮುದ್ದಾಗಿದ್ದರೂ ಈ ಕೆಲಸಕ್ಕೆ ಬಾರದು. ದಿನನಿತ್ಯದ ಬಟ್ಟೆಯಲ್ಲಿ, ಭುಜದಿಂದ ಮೇಲೆ, ಹಗಲ ಬೆಳಕಿನಲ್ಲಿ, ಕನ್ನಡಕ ಹಾಕುವ ಮಗುವಾದರೆ ಕನ್ನಡಕದೊಂದಿಗೆ, ಕ್ಯಾಮೆರಾವನ್ನು ನೇರವಾಗಿ ನೋಡುತ್ತಿರುವ ಚಿತ್ರ ಬೇಕು. ಅದರ ಜೊತೆ ದಿನಾಂಕ, ಎತ್ತರ, ತೂಕ, ಕಣ್ಣಿನ ಮತ್ತು ಕೂದಲಿನ ಬಣ್ಣ, ಮಚ್ಚೆ ಅಥವಾ ಗಾಯದ ಗುರುತು ಮೈಯ ಯಾವ ಭಾಗದಲ್ಲಿದೆ ಎಂಬುದು, ಆಡುವ ಭಾಷೆ, ಔಷಧಿ, ದಂತವೈದ್ಯರ ಹೆಸರು, ಮನೆಯ ಕಾರುಗಳ ಮತ್ತು ಮಗುವನ್ನು ಕರೆದೊಯ್ಯುವ ಅನುಮತಿಯಿರುವ ಎಲ್ಲರ ಕಾರುಗಳ ನಂಬರ್ ಬರೆದಿಟ್ಟುಕೊಳ್ಳಿ. ಒಂದು ಪ್ರತಿ ಫೋನಿನಲ್ಲಿರಲಿ, ಇನ್ನೊಂದು ಕಾಗದದಲ್ಲಿ. ಬೆರಳಚ್ಚು ತೆಗೆಸಿದರೆ ಅದನ್ನು ನೀವೇ ಇಟ್ಟುಕೊಳ್ಳಬೇಕು, ಬೇರೆಯವರ ವಶಕ್ಕೆ ಕೊಡುವ ಅಗತ್ಯವಿಲ್ಲ. ಬೆಳಗ್ಗೆ ಮಗು ಮನೆಯಿಂದ ಹೊರಡುವಾಗ ಏನು ಹಾಕಿಕೊಂಡಿದೆ, ಮುಖ್ಯವಾಗಿ ಯಾವ ಬಣ್ಣದ ಬೂಟು, ಎಂದು ಒಮ್ಮೆ ನೋಡುವ ಅಭ್ಯಾಸವೂ ಒಳ್ಳೆಯದು. ಅಂಗಿಯನ್ನು ಸುಲಭವಾಗಿ ಬದಲಾಯಿಸಿಬಿಡಬಹುದು, ಮಗುವಿನ ಕಾಲಿಗೆ ಸರಿಹೋಗುವ ಬೇರೆ ಬೂಟು ಒಡನೆಯೇ ಸಿಗುವುದು ಕಷ್ಟ.

ಹಂಚಿಕೊಳ್ಳುವ ಮೊದಲು

ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತುವ ಕಾಣೆಯಾದ ಮಗುವಿನ ಚಿತ್ರಗಳಲ್ಲಿ ಎಷ್ಟೋ ಹಳೆಯವು, ಮಗು ಸಿಕ್ಕಿ ವರ್ಷಗಳಾದರೂ ಸುತ್ತುತ್ತಿರುವವು, ಕೆಲವು ಕಟ್ಟುಕತೆಗಳು. ಇನ್ನೂ ಆತಂಕದ ಸಂಗತಿಯೊಂದಿದೆ. ಹೊಡೆತ ತಾಳಲಾರದೆ ಮಗುವಿನೊಂದಿಗೆ ಗುಟ್ಟಾಗಿ ಬೇರೆಡೆ ನೆಲೆಸಿದ ತಾಯಿಯನ್ನು ಪತ್ತೆಹಚ್ಚಲು, ಹೊಡೆದವನೇ ಮಗು ಕಾಣೆಯಾಗಿದೆ ಎಂಬ ಚಿತ್ರ ಹಾಕಿ, ಸಂಪರ್ಕಕ್ಕೆ ತನ್ನ ಸ್ವಂತ ನಂಬರ್ ಕೊಟ್ಟಿರಬಹುದು. ಆದ್ದರಿಂದ ಸಂಪರ್ಕಕ್ಕೆ ಪೊಲೀಸ್ ಠಾಣೆಯ ಅಥವಾ ಅಧಿಕೃತ ಸಂಸ್ಥೆಯ ಸಂಖ್ಯೆ ಇಲ್ಲದ, ದಿನಾಂಕವೂ ಊರೂ ಇಲ್ಲದ ಯಾವ ಸಂದೇಶವನ್ನೂ ಮುಂದಕ್ಕೆ ಕಳುಹಿಸಬೇಡಿ. ಪೊಲೀಸರ ಅಧಿಕೃತ ಪುಟದ ಕೊಂಡಿಯನ್ನೇ ಹಂಚಿಕೊಂಡರೆ, ಮಗು ಸಿಕ್ಕಾಗ ಆ ಪುಟ ಬದಲಾಗುತ್ತದೆ, ನೀವು ಹಂಚಿದ್ದೂ ತಾನಾಗಿ ಸರಿಹೋಗುತ್ತದೆ. ನಿಮ್ಮಲ್ಲಿರುವ ಸುಳಿವನ್ನು ಮಾತ್ರ ಕಮೆಂಟಿನಲ್ಲಿ ಬರೆಯದೆ ಪೊಲೀಸರಿಗೇ ಕೊಡಿ, ಏಕೆಂದರೆ ಆ ಕಮೆಂಟುಗಳನ್ನು ಅಪಹರಣಕಾರನೂ ಓದುತ್ತಿರಬಹುದು.

ಈ ವ್ಯವಸ್ಥೆಯಿಂದ ಅಮೆರಿಕದಲ್ಲಿ ಈವರೆಗೆ 1,200ಕ್ಕೂ ಹೆಚ್ಚು ಮಕ್ಕಳು ಮರಳಿ ಸಿಕ್ಕಿದ್ದಾರೆ. 1996ರಲ್ಲಿ ಸೈಕಲ್ ಓಡಿಸುತ್ತಿದ್ದ ಆ ಬಾಲಕಿಗೆ ಇಂಥದೊಂದು ಏರ್ಪಾಡು ಇರಲಿಲ್ಲ ಎಂಬುದು ನನಗೆ ಪ್ರತಿ ಸಲವೂ ನೆನಪಾಗುತ್ತದೆ. ಸಿಕ್ಕ ಮಕ್ಕಳು ಮುಂದೆ ಶಾಲೆಗೆ ಹೋಗುತ್ತಾರೆ, ದೊಡ್ಡವರಾಗುತ್ತಾರೆ, ಒಂದು ದಿನ ತಮ್ಮ ಹೆಸರನ್ನು ಅಂತರ್ಜಾಲದಲ್ಲಿ ಹುಡುಕುತ್ತಾರೆ. ಮಗು ಸಿಕ್ಕಿತೆಂದು ಪೊಲೀಸರು ಪ್ರಕಟಿಸಿದ ದಿನವೇ, ನೀವು ಹಂಚಿಕೊಂಡಿದ್ದ ಚಿತ್ರವನ್ನೂ ಹೆಸರನ್ನೂ ನಿಮ್ಮ ಪುಟದಿಂದ ಅಳಿಸಿ, ಅದನ್ನು ಕಳುಹಿಸಿದ್ದ ಗುಂಪುಗಳಲ್ಲಿಯೂ ಅಳಿಸುವಂತೆ ಹೇಳಿ.